ಬೆಳಕಿನ ದಾರಿಗೊಂದು ಪರದೆ

ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ಹೋದರೆ ಎಲ್1 ಎಂಬ ಜಾಗ ಸಿಗುತ್ತದೆ. ಅಲ್ಲಿಟ್ಟ ವಸ್ತು ಭೂಮಿಯ ಜೊತೆಗೇ ಸೂರ್ಯನನ್ನು ಸುತ್ತುತ್ತಾ, ಸದಾ ಎರಡರ ನಡುವೆಯೇ ಇರುತ್ತದೆ. ಇಸ್ರೋದ ಆದಿತ್ಯ-ಎಲ್1 ನೌಕೆ 2024ರ ಜನವರಿಯಿಂದ ಇದರ ಸುತ್ತಲೇ ತಿರುಗುತ್ತಿದೆ. ಇಲ್ಲೇ ಒಂದು ಪರದೆ ಕಟ್ಟಿ ಭೂಮಿಯ ಬಿಸಿ ಇಳಿಸಿದರೆ ಹೇಗೆ?

1989ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಅರ್ಲಿ ಇದನ್ನೇ ಹೇಳಿದರು. ಚಂದ್ರನ ಮಣ್ಣಿನಿಂದ ಮಾಡಿದ, 2000 ಕಿಲೋಮೀಟರ್ ಅಗಲದ ತೆಳು ಗಾಜಿನ ಪರದೆ. ಅಷ್ಟು ದೊಡ್ಡದಿದ್ದರೆ ನಮಗೆ ಹಗಲಲ್ಲೇ ಕತ್ತಲಾಗಲ್ವಾ? ಇಲ್ಲ. ಸೂರ್ಯನಿಗೇ ಸಾಕಷ್ಟು ಅಗಲವಿದೆ. ಹಾಗಾಗಿ ಪರದೆಯ ಕಡು ನೆರಳು ಸುಮಾರು 2 ಲಕ್ಷ ಕಿಲೋಮೀಟರ್ ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ. ನಮ್ಮನ್ನು ತಲುಪುವುದು ಬರೀ ಮಬ್ಬು. ಬಿಸಿಲು ನೂರಕ್ಕೆ ಎರಡು ಪಾಲು ಕಡಿಮೆಯಾದರೆ ಕಣ್ಣಿಗೆ ಗೊತ್ತೂ ಆಗುವುದಿಲ್ಲ.

ನಿಜವಾದ ಕಷ್ಟ ನೆರಳಿನದಲ್ಲ, ನೂಕಿನದು. ಬೆಳಕು ತಾನು ಬಿದ್ದಿದ್ದನ್ನು ತಳ್ಳುತ್ತದೆ. ಒಂದು ಚದರ ಕಿಲೋಮೀಟರ್ ಕನ್ನಡಿ ಹಾಳೆಯ ಮೇಲೆ ಆ ಬಲ ಒಂದು ಕಿಲೋ ತೂಕದಷ್ಟೂ ಇಲ್ಲ. ಆದರೆ ಅದು ಒಂದು ಕ್ಷಣವೂ ನಿಲ್ಲುವುದಿಲ್ಲ, ಹಾಳೆಯೋ ತುಂಬಾ ಹಗುರ. ಗಾಳಿಗೆ ಸಿಕ್ಕ ಗಾಳಿಪಟದಂತೆ ಅದು ಭೂಮಿಯ ಕಡೆ ಸರಿಯುತ್ತದೆ. ತಡೆಯಬೇಕೆಂದರೆ ಸೂರ್ಯನಿಗೆ ಇನ್ನಷ್ಟು ಹತ್ತಿರ ಇಡಬೇಕು. ದೂರ ಜಾಸ್ತಿಯಾದರೆ ಪರದೆಯೂ ದೊಡ್ಡದಾಗಬೇಕು.

ಅರಿಜೋನಾ ವಿಶ್ವವಿದ್ಯಾಲಯದ ಖಗೋಳವಿಜ್ಞಾನಿ ರೋಜರ್ ಏಂಜೆಲ್ 2006ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಬೆಳಕನ್ನು ತಡೆಯಲೇಬೇಡಿ, ಭೂಮಿಗೆ ತಾಗದಷ್ಟು ಚೂರು ಬಾಗಿಸಿ ಸಾಕು ಎಂದರು. ಆಗ ನೂಕೂ ಕಡಿಮೆ. ಒಂದೇ ಪರದೆಯ ಬದಲು 60 ಸೆಂಟಿಮೀಟರ್ ಅಗಲದ, ಸುಮಾರು ಒಂದು ಗ್ರಾಂ ತೂಕದ 16 ಲಕ್ಷ ಕೋಟಿ ಬಿಲ್ಲೆಗಳು. ಪ್ರತಿಯೊಂದಕ್ಕೂ ಪುಟ್ಟ ಕನ್ನಡಿಗಳಿದ್ದು, ಅದೇ ಬೆಳಕಿನ ನೂಕನ್ನು ಬಳಸಿ ತನ್ನ ಜಾಗ ಕಾಯ್ದುಕೊಳ್ಳುತ್ತದೆ. ಇಷ್ಟಾದರೂ ಒಟ್ಟು ತೂಕ 2 ಕೋಟಿ ಟನ್. ಆದಿತ್ಯದ ತೂಕ ಒಂದೂವರೆ ಟನ್ ಕೂಡ ಇಲ್ಲ!

2023ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಖಗೋಳವಿಜ್ಞಾನಿ ಇಸ್ತ್ವಾನ್ ಸಾಪುಡಿ ಇನ್ನೊಂದು ದಾರಿ ತೋರಿಸಿದರು. ಪರದೆಗೆ ಉದ್ದನೆಯ ಹಗ್ಗ ಕಟ್ಟಿ, ಸೂರ್ಯನ ಕಡೆಯ ತುದಿಗೆ ಕ್ಷುದ್ರಗ್ರಹದ ಕಲ್ಲುಮಣ್ಣನ್ನು ಎದುರುಭಾರವಾಗಿ ತೂಗಿಬಿಡುವುದು. ಆಗ ಪರದೆ ಬರೀ 35,000 ಟನ್ ಇದ್ದರೆ ಸಾಕು. ಅದಕ್ಕೂ ಇಂದಿನ ರಾಕೆಟ್‌ಗಳು ಸಾಲವು, ನಿಜ. ಆದರೂ ಲೆಕ್ಕ ನೂರಾರು ಪಟ್ಟು ಇಳಿಯಿತಲ್ಲ!

ನನ್ನ ಆತಂಕ ಬೇರೆ. ಪರದೆ ಬಂದರೂ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಲ್ಲೇ ಇರುತ್ತದೆ. ಸಮುದ್ರದ ನೀರು ಅದನ್ನು ಹೀರಿಕೊಂಡು ಆಮ್ಲೀಯವಾಗುತ್ತಾ ಹೋಗುತ್ತದೆ, ಹವಳಗಳು ಸೊರಗುತ್ತವೆ. ಪರದೆಯ ನೆಚ್ಚಿಕೆಯಲ್ಲಿ ನಾವು ಹೊಗೆ ಬಿಡುತ್ತಲೇ ಇದ್ದು, ಮುಂದೊಂದು ದಿನ ಅದು ಕೆಟ್ಟರೆ, ಅಷ್ಟು ವರ್ಷ ತಡೆದಿಟ್ಟ ಬಿಸಿಯೆಲ್ಲ ಕೆಲವೇ ವರ್ಷಗಳಲ್ಲಿ ಒಟ್ಟಿಗೇ ಮೇಲೆ ಬೀಳುತ್ತದೆ.