ಬಳ್ಳಿ ಎಲ್ಲಿದೆ, ಪೊರೆ ಇದೆಯಾ?

"ಗ್ರಹಣದ ದಿನ ಹಿತ್ತಲಿಗೆ ಹೋಗಿದ್ಲು ಮೇಡಂ, ಅದಕ್ಕೇ ಹಿಂಗಾಯ್ತಾ?"

ಶ್ರೀನಿವಾಸಪುರ ಕಡೆಯ ಅತ್ತೆಯೊಬ್ಬರ ಪ್ರಶ್ನೆ. 19ರ ಸೊಸೆ ಇನ್ನೂ ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳುತ್ತಿದ್ದಳು. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕರುಳು ಹೊಟ್ಟೆಯಿಂದಾಚೆ, ಗರ್ಭದ ನೀರಿನಲ್ಲಿ ಒತ್ತುಶಾವಿಗೆ ಎಳೆಗಳಂತೆ ತೇಲುತ್ತಿತ್ತು.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅಸಲಿಗೆ ನಮ್ಮೆಲ್ಲರ ಕರುಳೂ ಕೆಲವು ವಾರ ಆಚೆಯೇ ಇತ್ತು. 8ನೇ ವಾರದ ಸುಮಾರಿಗೆ ಒಳಗೆ ಜಾಗ ಸಾಲದೆ ಹೊಕ್ಕುಳಬಳ್ಳಿಯ ಬುಡಕ್ಕೆ ಜಾರಿ, 12ನೇ ವಾರದ ಹೊತ್ತಿಗೆ ವಾಪಸಾಗುತ್ತದೆ. 10ನೇ ವಾರದ ರಿಪೋರ್ಟ್ ಹಿಡಿದು ಅಳುತ್ತಾ ಬರುವವರಿಗೆ ಎರಡು ಮೂರು ವಾರ ಬಿಟ್ಟು ಬನ್ನಿ ಅಂತಲೇ ಹೇಳುವುದು.

ಆಮೇಲೂ ಆಚೆ ಇದ್ದರೆ ನಾನು ನೋಡುವುದು ಎರಡೇ: ಬಳ್ಳಿ ಎಲ್ಲಿ ಅಂಟಿದೆ, ಕರುಳಿಗೆ ಪೊರೆ ಇದೆಯಾ. ಬಳ್ಳಿ ತನ್ನ ಜಾಗದಲ್ಲೇ ಇದ್ದು, ಸಾಮಾನ್ಯವಾಗಿ ಅದರ ಬಲಪಕ್ಕದ ತೂತಿನಿಂದ ಕರುಳು ಪೊರೆಯಿಲ್ಲದೆ ಬಂದಿದ್ದರೆ ಗ್ಯಾಸ್ಟ್ರೋಸ್ಕೈಸಿಸ್. ಪೊರೆಯ ಚೀಲದಲ್ಲಿ ಕರುಳು, ಕೆಲವೊಮ್ಮೆ ಲಿವರ್ ಸಹ ಇದ್ದು, ಬಳ್ಳಿ ಆ ಚೀಲಕ್ಕೇ ಅಂಟಿದ್ದರೆ ಓಂಫಲೋಸೀಲ್. ನೋಡಲು ಮೊದಲನೆಯದೇ ಭಯಂಕರ. ನನಗೆ ದಿಗಿಲು ಎರಡನೆಯದರದು. ಅದರ ಜೊತೆ ಹೃದಯದ ತೊಂದರೆ, 13 ಅಥವಾ 18ನೇ ಕ್ರೋಮೋಸೋಮ್ ಎರಡರ ಬದಲು ಮೂರಿರುವುದು ಹೆಚ್ಚು. ಹಾಗಾಗಿ ಮಗುವಿನ ಹೃದಯದ ಎಕೋ, ಗರ್ಭನೀರಿನ ಪರೀಕ್ಷೆ ಬರೆದುಕೊಡುತ್ತೇನೆ.

ಈ ಹುಡುಗಿಯದು ಗ್ಯಾಸ್ಟ್ರೋಸ್ಕೈಸಿಸ್. ಚಿಕ್ಕ ವಯಸ್ಸಿನ ತಾಯಂದಿರಲ್ಲೇ ಜಾಸ್ತಿ, ಬಹುಪಾಲು ಬೇರೆ ದೋಷವಿರುವುದಿಲ್ಲ. ಶ್ರೀಮಂತ ದೇಶಗಳಲ್ಲಿ ಇಂಥ 100 ಮಕ್ಕಳಲ್ಲಿ 90ಕ್ಕೂ ಹೆಚ್ಚು ಉಳಿಯುತ್ತವೆ. ನಮ್ಮಲ್ಲಿ ಎಷ್ಟೋ ಮಕ್ಕಳನ್ನು ಕಳೆದುಕೊಳ್ಳುವುದು ದಾರಿಯಲ್ಲಿ. ಒಮ್ಮೆ ಒಂದು ಕೂಸು ಬಂದಾಗ ಕರುಳಿಗೆ ಸುತ್ತಿದ್ದ ಬಟ್ಟೆ ಒಣಗಿ ಅಂಟಿಕೊಂಡಿತ್ತು, ಪಾದ ಮುಟ್ಟಿದರೆ ಮಂಜುಗಡ್ಡೆ. ಹುಟ್ಟಿದ ಕೂಡಲೇ ಕಂಕುಳಿನವರೆಗೆ ಶುದ್ಧವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಲಮಗ್ಗುಲಿಗೆ ಮಲಗಿಸಿ, ಹೊಟ್ಟೆಗೆ ನಳಿಕೆ, ಕೈಗೆ ಡ್ರಿಪ್ ಹಾಕಿ, ಬೆಚ್ಚಗಿಡಬೇಕಿತ್ತು.

ಅದಕ್ಕೇ ಅತ್ತೆಗೆ ಹೇಳಿದೆ: ಬಾಣಂತನ ಎಲ್ಲಾದರೂ ಮಾಡಿ, ಹೆರಿಗೆ ಮಾತ್ರ ಮಕ್ಕಳ ಸರ್ಜನ್ ಇರುವ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಗಲಿ. ಬರೀ ಈ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಆದರೆ ನೋವು ಶುರುವಾದ ಮೇಲೆ ಕೋಲಾರದಿಂದ 70 ಕಿಲೋಮೀಟರ್ ಓಡುವುದು ಬೇಡ, ಒಂಬತ್ತು ತುಂಬುವ ಮೊದಲೇ ಅಲ್ಲಿರಲಿ.

"ಕೆ.ಆರ್. ಪುರದಲ್ಲಿ ನಮ್ಮ ನಾದಿನಿ ಮನೆ ಇದೆ ಮೇಡಂ. ಮಾತು ಬಿಟ್ಟು ಮೂರು ವರ್ಷ ಆಯ್ತು," ಅಂದರು. ಆಚೆ ಹೋಗಿ ಬೆಂಚಿನ ಮೇಲೆ ಕೂತು ಫೋನ್ ಹಚ್ಚಿದರು.