ಹಿಂದಿನ ಕೂದಲಿಗೂ ಅದೇ ನೀರು ಬೀಳುತ್ತದೆ, ಅಲ್ವಾ?

ಉದುರಿದ ಕೂದಲನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಬರುವವರು ನಮ್ಮಂಥ ಚರ್ಮದ ಡಾಕ್ಟರುಗಳಿಗೆ ಹೊಸಬರಲ್ಲ. ಆದರೆ ಆ ಹುಡುಗ ಜೊತೆಗೆ ಒಂದು ಬಾಟಲಿ ನೀರನ್ನೂ ತಂದಿದ್ದ. ಅವನಿರುವ ಪಿಜಿಯ ಬಾತ್‌ರೂಮಿನ ನೀರು. ವಯಸ್ಸು 23. ಊರು ಹಾಸನದ ಕಡೆ, ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ.

"ಡಾಕ್ಟ್ರೇ, ಬೆಂಗಳೂರಿಗೆ ಬಂದು ಎರಡು ವರ್ಷ ಆಯ್ತು. ಊರಲ್ಲಿದ್ದಾಗ ಏನೂ ಇರ್ಲಿಲ್ಲ. ಈ ಟ್ಯಾಂಕರ್ ನೀರೇ ನನ್ನ ತಲೆ ಹಾಳು ಮಾಡಿದ್ದು. ಇದನ್ನ ಟೆಸ್ಟ್ ಮಾಡಿಸ್ಬಹುದಾ?"

ತಲೆ ನೋಡಿದೆ. ಹಣೆಯ ಎರಡೂ ಮೂಲೆ ಹಿಂದಕ್ಕೆ ಸರಿದಿದ್ದವು. ನೆತ್ತಿಯಲ್ಲಿ ಸುಳಿಯ ಸುತ್ತ ಚರ್ಮ ಕಾಣಲು ಶುರುವಾಗಿತ್ತು. ಕಿವಿಯ ಮೇಲೆ ಮತ್ತು ಹಿಂದಲೆಯಲ್ಲಿ ಮಾತ್ರ ದಟ್ಟವಾದ ಒಳ್ಳೆ ಕೂದಲು. "ಸ್ನಾನ ಮಾಡುವಾಗ ಹಿಂದಿನ ಕೂದಲಿಗೂ ಇದೇ ನೀರು ಬೀಳುತ್ತದೆ, ಅಲ್ವಾ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತ.

ಬೋರ್‌ವೆಲ್ ನೀರು ಗಡಸು, ನಿಜ. ಶಾಂಪೂ ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ತುಂಡಾಗಬಹುದು. ಆದರೆ ನೀರಿಗೆ ನೆತ್ತಿ ಯಾವುದು, ಹಿಂದಲೆ ಯಾವುದು ಎಂದು ಗೊತ್ತಾಗುವುದಿಲ್ಲ. ಹುಟ್ಟಿದಾಗಿನಿಂದ ಕಾವೇರಿ ನೀರಲ್ಲೇ ಮಿಂದ ಜಯನಗರದ ಹುಡುಗರೂ ಇದೇ ತರಹದ ತಲೆ ತೋರಿಸಲು ಬರುತ್ತಾರೆ. ಹಾಗಾದರೆ ಬೆಂಗಳೂರಿಗೆ ಬಂದ ಮೇಲೇ ಯಾಕೆ ಶುರುವಾಯಿತು? ಓದು ಮುಗಿಸಿ ಕೆಲಸಕ್ಕೆ ಅಂತ ಇಲ್ಲಿಗೆ ಬರುವ ವಯಸ್ಸೂ, ಗಂಡಸರಲ್ಲಿ ಈ ಕೂದಲು ಕಡಿಮೆಯಾಗುವಿಕೆ ಕಣ್ಣಿಗೆ ಕಾಣಲು ಶುರುವಾಗುವ ವಯಸ್ಸೂ ಹೆಚ್ಚುಕಡಿಮೆ ಒಂದೇ, ಅದಕ್ಕೆ. ಅವನು ಹಾಸನದಲ್ಲೇ ಇದ್ದಿದ್ದರೂ ಇದು ಬರುತ್ತಿತ್ತು. ಶವರ್‌ಗೆ ಹಾಕುವ ಫಿಲ್ಟರ್‌ಗೆ ಸಾವಿರಾರು ರೂಪಾಯಿ ಸುರಿದವರನ್ನು ನೋಡಿ ನೋಡಿ ನನಗೆ ಬೇಜಾರಾಗಿದೆ. ದುಡ್ಡು ಹೋದದ್ದಕ್ಕಿಂತ ಹೆಚ್ಚಾಗಿ, ನೀರನ್ನು ಬೈಯುತ್ತಾ ಕಳೆದ ಒಂದೆರಡು ವರ್ಷ ಹೋಯಿತಲ್ಲ, ಅದಕ್ಕೆ.

ಒಂದು ಮಾತು ಇಲ್ಲೇ ಹೇಳಬೇಕು. ಉದುರುವುದೆಲ್ಲ ಇದೇ ಅಲ್ಲ. ಡೆಂಗಿ, ಟೈಫಾಯ್ಡ್ ಬಂದು ಹೋದ ಮೇಲೆ, ಜಿಮ್ಮಿಗೆ ಸೇರಿ ಊಟ ಬಿಟ್ಟು ಒಂದೇ ಸಲ ತೂಕ ಇಳಿಸಿದ ಮೇಲೆ, ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. ಜ್ವರ ಮರೆತೇ ಹೋಗಿರುತ್ತದೆ, ಹಾಗಾಗಿ ಯಾರೂ ಅದನ್ನು ಇದಕ್ಕೆ ಜೋಡಿಸುವುದಿಲ್ಲ. ಇದು ತಲೆಯ ಎಲ್ಲ ಕಡೆಯಿಂದಲೂ ಉದುರುವಂಥದ್ದು, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ನಿಂತು ಮತ್ತೆ ಬರುತ್ತದೆ. ನಾಣ್ಯದ ಹಾಗೆ ದುಂಡಗೆ ಒಂದೇ ಕಡೆ ಖಾಲಿಯಾದರೆ ಅದು ಇನ್ನೊಂದು ಕಾಯಿಲೆ, ಅದರ ಚಿಕಿತ್ಸೆಯೇ ಬೇರೆ. ನೆತ್ತಿ ಕೆಂಪಾಗಿ ಉರಿ, ನೋವು, ಕೀವು ಇದ್ದರೆ ತಡ ಮಾಡಬೇಡಿ. ಅಂಥ ಕಡೆ ಕಲೆಯಾಗಿ ಹೋದ ಜಾಗದಲ್ಲಿ ಕೂದಲು ವಾಪಸ್ ಬರುವುದಿಲ್ಲ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ದಿಂಬಿನ ಮೇಲೆ ಎಣಿಸುತ್ತಾ ಕೂರುವುದರಿಂದ ಏನೂ ತಿಳಿಯುವುದಿಲ್ಲ.

ಈ ಹುಡುಗನದ್ದು ವಂಶದಿಂದ ಬಂದ ಗಂಡಸರ ಬಗೆಯದ್ದು. ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನು ದೇಹದಲ್ಲಿ ಡಿಎಚ್‌ಟಿ ಅನ್ನುವ ಇನ್ನೊಂದು ರೂಪಕ್ಕೆ ಬದಲಾಗುತ್ತದೆ. ಹಣೆ ಮತ್ತು ನೆತ್ತಿಯ ಕೂದಲಿನ ಬುಡಗಳು ಕೆಲವರಲ್ಲಿ ಈ ಡಿಎಚ್‌ಟಿಗೆ ಬೇಗ ಸೋಲುತ್ತವೆ. ಒಂದೊಂದು ಸಲ ಉದುರಿ ಹುಟ್ಟಿದಾಗಲೂ ಕೂದಲು ಇನ್ನಷ್ಟು ತೆಳ್ಳಗೆ, ಇನ್ನಷ್ಟು ಗಿಡ್ಡಗೆ ಬರುತ್ತದೆ. ಕೊನೆಗೆ ಮಗುವಿನ ತೋಳಿನ ಮೇಲಿನ ನವಿರಿನಷ್ಟೇ ಉಳಿಯುತ್ತದೆ. ಹಾರ್ಮೋನು ಜಾಸ್ತಿ ಆಗಿದೆ ಎಂದು ಇದರ ಅರ್ಥವಲ್ಲ, ಆ ಬುಡಗಳೇ ಹಾಗೆ. ಸೋದರಮಾವನ ತಲೆ ನೋಡಿದರೆ ಸಾಕು ಅನ್ನುತ್ತಾರೆ. ಅರ್ಧ ಸರಿ. ಮುಖ್ಯವಾದ ಒಂದು ಜೀನ್ ತಾಯಿಯ ಕಡೆಯಿಂದ ಬರುತ್ತದೆ, ಆದರೆ ಅಪ್ಪನ ಕಡೆಯವೂ ಸೇರಿ ಎಷ್ಟೋ ಜೀನ್‌ಗಳ ಕೆಲಸ ಇದು.

ಮನೆಯವರು ಜೊತೆಗೆ ಬಂದರೆ ಮಾತು ಎಣ್ಣೆಗೆ ಹೋಗುತ್ತದೆ. "ಎಣ್ಣೆ ಹಚ್ಕೋ ಅಂದ್ರೆ ಕೇಳಲ್ಲ ಮೇಡಂ, ಅದಕ್ಕೇ ಹೀಗಾಗಿರೋದು." ಗರುಗದ ಸೊಪ್ಪು, ದಾಸವಾಳ, ಕರಿಬೇವು ಹಾಕಿ ಕಾಯಿಸಿದ ಎಣ್ಣೆ ಆ ತಾಯಿ ಊರಿಂದ ಕಳಿಸಿರುತ್ತಾರೆ. ನಾನು ಅದನ್ನು ಬೇಡ ಅನ್ನುವುದಿಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯನ್ನು ಕಾಪಾಡುತ್ತದೆ, ತುಂಡಾಗುವುದು ಕಡಿಮೆಯಾಗುತ್ತದೆ. ಬುಡದಲ್ಲಿ ಡಿಎಚ್‌ಟಿ ಮಾಡುವ ಕೆಲಸವನ್ನು ಮಾತ್ರ ಅದು ತಡೆಯುವುದಿಲ್ಲ. ತಲೆಹೊಟ್ಟು ಇರುವವರು ರಾತ್ರಿಯಿಡೀ ಎಣ್ಣೆ ಬಿಟ್ಟರೆ ಹೊಟ್ಟು ಜಾಸ್ತಿಯಾಗುತ್ತದೆ. ತಿರುಪತಿಗೋ ಧರ್ಮಸ್ಥಳಕ್ಕೋ ಮುಡಿ ಕೊಟ್ಟರೆ ದಪ್ಪ ಕೂದಲು ಬರುತ್ತದೆ ಎನ್ನುವುದೂ ಹಾಗೆಯೇ. ಹರಕೆ ಇದ್ದರೆ ಖಂಡಿತ ಕೊಡಿ. ಬೋಳಿಸಿದಾಗ ಹೋಗುವುದು ಹೊರಗಿನ ಎಳೆ, ಬುಡ ಬದಲಾಗುವುದಿಲ್ಲ. ಬಯೋಟಿನ್ ಮಾತ್ರೆ, ಗಮ್ಮಿ ಕೂಡ ಕೊರತೆ ಇಲ್ಲದವರಿಗೆ ಬೇಕಿಲ್ಲ. ಅದು ಥೈರಾಯ್ಡ್ ಮುಂತಾದ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಇಷ್ಟಾದ ಮೇಲೆ ಚಿಕಿತ್ಸೆಯ ಮಾತು. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದನ್ನು ಹತ್ತು ವರ್ಷ ಮಾಡ್ತೀರಾ? ಯಾಕೆಂದರೆ ಇದು ಜ್ವರದ ಹಾಗೆ ಒಂದು ಕೋರ್ಸ್ ಮಾತ್ರೆ ತಿಂದು ಮುಗಿಸುವುದಲ್ಲ. ಈಗ ಇರುವ ಮದ್ದುಗಳು ಮುಖ್ಯವಾಗಿ ಇರುವುದನ್ನು ಉಳಿಸುತ್ತವೆ, ತೆಳ್ಳಗಾದದ್ದನ್ನು ಸ್ವಲ್ಪ ದಪ್ಪ ಮಾಡುತ್ತವೆ. ಬಿಟ್ಟರೆ ಕೆಲವು ತಿಂಗಳಲ್ಲಿ, ಮದ್ದೇ ಇಲ್ಲದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಗೆ ತಲೆ ಬಂದು ನಿಲ್ಲುತ್ತದೆ. ಮೂರು ತಿಂಗಳಲ್ಲಿ ಮದುವೆ ಫೋಟೋಗೆ ಕೂದಲು ಬೇಕು ಎಂದು ಬರುವವರಿಗೆ ಇದನ್ನು ಹೇಳುವುದು ಕಷ್ಟ. ಆದರೂ ಹೇಳಲೇಬೇಕು.

ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡಕ್ಕೆ ಅಂತ ಬಂದ ಮಾತ್ರೆ. ತಿಂದವರಿಗೆ ಮೈಮೇಲೆಲ್ಲ ಕೂದಲು ಬೆಳೆದದ್ದು ನೋಡಿ ಅದನ್ನು ಹಚ್ಚುವ ಮದ್ದು ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಗಂಡಸರಿಗೆ ಒಪ್ಪಿಗೆ ಸಿಕ್ಕಿತು. ಈಗ ಗಂಡಸರಿಗೆ ಸಾಮಾನ್ಯವಾಗಿ ಕೊಡುವುದು 5 ಪರ್ಸೆಂಟ್‌ನದ್ದು, 1 ಎಂಎಲ್‌ನಂತೆ ದಿನಕ್ಕೆ ಎರಡು ಸಲ, ಒಣಗಿದ ತಲೆಗೆ, ಕೂದಲಿಗಲ್ಲ ಚರ್ಮಕ್ಕೆ. 60 ಎಂಎಲ್ ಬಾಟಲಿ 30 ದಿನಕ್ಕೆ ಖಾಲಿ. ಹತ್ತು ವರ್ಷಕ್ಕೆ 120 ಬಾಟಲಿ. ಈ ಲೆಕ್ಕವನ್ನು ಚೀಟಿಯ ಹಿಂದೆ ಬರೆದು ತೋರಿಸುತ್ತೇನೆ. ಕೆಲವರು ಅಲ್ಲೇ ಬೇಡ ಅನ್ನುತ್ತಾರೆ, ಅದೂ ಒಳ್ಳೆಯದೇ, ಮೂರು ಬಾಟಲಿ ಆದ ಮೇಲೆ ಬಿಡುವುದಕ್ಕಿಂತ.

ಇದರಲ್ಲಿ ಹುಡುಗರು ಸೋಲುವುದು ಮೊದಲ ಎರಡು ತಿಂಗಳಲ್ಲಿ. ಶುರು ಮಾಡಿದ ಕೆಲವು ವಾರಕ್ಕೆ ಉದುರುವುದು ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಉದುರಲು ಕಾದಿದ್ದ ಹಳೆ ಕೂದಲನ್ನು ಹೊಸದು ತಳ್ಳಿ ಹೊರಗೆ ಹಾಕುತ್ತಿರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ಫಲ ಕಾಣಲು ಕನಿಷ್ಠ ನಾಲ್ಕರಿಂದ ಆರು ತಿಂಗಳು ಬೇಕು. ತುರಿಕೆ ಬಂದರೆ ಫೋಮ್ ರೂಪದ್ದಕ್ಕೆ ಬದಲಾಯಿಸಬಹುದು. ಮನೆಯಲ್ಲಿ ಬೆಕ್ಕು ಇದ್ದರೆ ದಯವಿಟ್ಟು ಹುಷಾರು, ಸ್ವಲ್ಪವೇ ನೆಕ್ಕಿದರೂ ಈ ಮದ್ದು ಬೆಕ್ಕಿಗೆ ಪ್ರಾಣಕ್ಕೆ ಕುತ್ತು. ಈಗೀಗ ಇದನ್ನೇ ಕಡಿಮೆ ಡೋಸಿನ ಮಾತ್ರೆಯಾಗಿಯೂ ಕೊಡುತ್ತೇವೆ, ಆದರೆ ಬಿಪಿ, ಎದೆಬಡಿತ, ಕಾಲು ಊತ ನೋಡಿಕೊಂಡು ಮಾತ್ರ. ಗೆಳೆಯನ ಚೀಟಿ ತೋರಿಸಿ ತಂದು ತಿನ್ನುವ ಮಾತ್ರೆ ಅದಲ್ಲ.

ಇನ್ನು ಫಿನಾಸ್ಟೆರೈಡ್. ಹೆಂಗಸು ಡಾಕ್ಟರ್ ಅಂತ ಕೆಲವು ಹುಡುಗರು ಇದರ ಬಗ್ಗೆ ಕೇಳಲು ಸಂಕೋಚ ಪಡುತ್ತಾರೆ, ಅದಕ್ಕೇ ನಾನೇ ಮೊದಲು ಹೇಳಿಬಿಡುತ್ತೇನೆ. ಟೆಸ್ಟೋಸ್ಟೆರಾನ್ ಡಿಎಚ್‌ಟಿ ಆಗುವುದನ್ನೇ ಇದು ತಡೆಯುತ್ತದೆ. 1974ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಕೆಲವು ಕುಟುಂಬಗಳ ಬಗ್ಗೆ ಒಂದು ವರದಿ ಬಂತು. ಅಲ್ಲಿನ ಕೆಲವು ಗಂಡಸರಿಗೆ ಹುಟ್ಟಿನಿಂದಲೇ ಡಿಎಚ್‌ಟಿ ಬಹಳ ಕಡಿಮೆ, ಅವರಿಗೆ ಪ್ರಾಸ್ಟೇಟ್ ಗ್ರಂಥಿ ಚಿಕ್ಕದು, ಹಣೆಯ ಕೂದಲು ಹಿಂದೆ ಸರಿದಿರಲಿಲ್ಲ. ಅಲ್ಲಿಂದ ಸಿಕ್ಕ ಎಳೆ ಇದು. 5 ಎಂಜಿ ಮಾತ್ರೆ ಪ್ರಾಸ್ಟೇಟ್‌ಗೆ 1992ರಲ್ಲಿ, 1 ಎಂಜಿ ಮಾತ್ರೆ ಕೂದಲಿಗೆ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಎರಡು ವರ್ಷದ ಪರೀಕ್ಷೆಯಲ್ಲಿ ಮಾತ್ರೆ ತೆಗೆದುಕೊಂಡ 100 ಜನರಲ್ಲಿ 83 ಜನಕ್ಕೆ ನೆತ್ತಿಯ ಕೂದಲಿನ ಎಣಿಕೆ ಇಳಿಯಲಿಲ್ಲ. ಮದ್ದಿಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಹಾಗೆ ಉಳಿದವರು 28 ಜನ.

ಅಡ್ಡ ಪರಿಣಾಮದ ಮಾತು ಬಂದಾಗ ಎರಡು ಬಗೆಯ ಜನ ನನಗೆ ಸಿಗುತ್ತಾರೆ. "ಏನೂ ಆಗಲ್ಲ" ಎಂದು ಯಾರೋ ಹೇಳಿದ್ದನ್ನು ನಂಬಿ ತಿನ್ನುವವರು, ಫೋನಿನಲ್ಲಿ ರಾತ್ರಿಯೆಲ್ಲ ಓದಿ ನಡುಗುವವರು. ಇಬ್ಬರಿಗೂ ಅದೇ ಅಂಕಿ ಹೇಳುತ್ತೇನೆ. ಲೈಂಗಿಕ ಆಸಕ್ತಿ ಕಡಿಮೆಯಾಗುವುದು, ಉದ್ರೇಕದ ತೊಂದರೆಯಂಥದ್ದು ಆ ಪರೀಕ್ಷೆಗಳಲ್ಲಿ ಮಾತ್ರೆ ತೆಗೆದುಕೊಂಡವರಲ್ಲಿ 3.8 ಪರ್ಸೆಂಟ್, ಖಾಲಿ ಮಾತ್ರೆಯವರಲ್ಲೂ 2.1 ಪರ್ಸೆಂಟ್. ಹೆಚ್ಚಿನವರಿಗೆ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ. ನಿಲ್ಲಿಸಿದ ಮೇಲೂ ಸರಿಹೋಗಲಿಲ್ಲ ಎಂದು ಹೇಳಿದವರಿದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆತ್ಮಹತ್ಯೆಯ ಯೋಚನೆ ಈ ಮಾತ್ರೆಯ ಅಡ್ಡ ಪರಿಣಾಮ ಎಂದು ಯುರೋಪಿನ ಔಷಧ ನಿಯಂತ್ರಕರು 2025ರಲ್ಲಿ ಖಚಿತಪಡಿಸಿದ್ದಾರೆ. ಆದ್ದರಿಂದ ಮೊದಲೇ ಖಿನ್ನತೆ ಇರುವವರಿಗೆ ನಾನು ಇದನ್ನು ಸುಲಭಕ್ಕೆ ಬರೆಯುವುದಿಲ್ಲ. ಬರೆದವರಿಗೂ, ಮನಸ್ಸು ಮಂಕಾದರೆ ಅವತ್ತೇ ನಿಲ್ಲಿಸಿ ಫೋನ್ ಮಾಡಿ ಎನ್ನುತ್ತೇನೆ. ಮಗು ಬೇಕು ಎಂದುಕೊಂಡಿದ್ದರೆ ಹೇಳಿ. ಮನೆಯಲ್ಲಿ ಬಸುರಿ ಇದ್ದರೆ ಮುರಿದ, ಪುಡಿಯಾದ ಮಾತ್ರೆ ಅವರು ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ತೊಂದರೆ. ರಕ್ತದಾನ ಮಾಡುವ ಮುಂಚೆಯೂ ಇದನ್ನು ತಿಳಿಸಬೇಕು.

ಮತ್ತೊಂದು, ಇದು ನನ್ನನ್ನು ನಿಜಕ್ಕೂ ಕಾಡುವ ವಿಷಯ. ಮೆಡಿಕಲ್ ಶಾಪಿನಲ್ಲಿ ಮಿನಾಕ್ಸಿಡಿಲ್ ಕೇಳಿದರೆ ಎಷ್ಟೋ ಸಲ ಕೈಗೆ ಬರುವ ಬಾಟಲಿಯಲ್ಲಿ ಫಿನಾಸ್ಟೆರೈಡ್ ಕೂಡ ಬೆರೆತಿರುತ್ತದೆ. ವರ್ಷಗಟ್ಟಲೆ ಹಚ್ಚಿದವರಿಗೇ ಅದು ಗೊತ್ತಿರುವುದಿಲ್ಲ. ಹಚ್ಚಿದ್ದರಲ್ಲೂ ಸ್ವಲ್ಪ ರಕ್ತಕ್ಕೆ ಸೇರುತ್ತದೆ. ಲೇಬಲ್ಲಿನ ಸಣ್ಣ ಅಕ್ಷರ ಓದಿ.

ಪಿಆರ್‌ಪಿ ಎಂದರೆ ನಿಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ಬೇರೆ ಮಾಡಿ ತಲೆಗೆ ಚುಚ್ಚುವುದು. ಕೆಲವರಿಗೆ ಸಹಾಯವಾಗುತ್ತದೆ, ಒಬ್ಬೊಬ್ಬರು ಮಾಡುವ ರೀತಿ ಒಂದೊಂದು, ದುಬಾರಿ. ಮದ್ದಿನ ಜೊತೆಗೆ ಬೇಕಾದರೆ ಮಾಡಿಸಿ, ಮದ್ದಿನ ಬದಲಿಗೆ ಅಂತ ಬೇಡ.

ಕೂದಲು ನಾಟಿಗೆ 23ಕ್ಕೆ ಹೊರಟವರನ್ನು ನಾನು ತಡೆಯುತ್ತೇನೆ. ಹಿಂದಲೆಯ ಕೂದಲು ಡಿಎಚ್‌ಟಿಗೆ ಸೋಲುವುದಿಲ್ಲ, ಮುಂದೆ ನೆಟ್ಟರೂ ತನ್ನ ಗುಣ ಬಿಡುವುದಿಲ್ಲ. ನಾಟಿ ನಿಂತಿರುವುದು ಇದರ ಮೇಲೆ. ಆದರೆ ಹಿಂದಿರುವ ಆ ದಾಸ್ತಾನು ಜೀವಮಾನಕ್ಕೆ ಇಷ್ಟೇ. ಈಗ ಹಣೆಯ ಸಾಲು ತಗ್ಗಿಸಿ ನೆಟ್ಟುಕೊಂಡರೆ, 35ಕ್ಕೆ ಅದರ ಹಿಂದಿನ ಸ್ವಂತ ಕೂದಲು ಹೋಗಿ ಮುಂದೊಂದು ಸಾಲು ಮಾತ್ರ ಬೇಲಿಯ ಹಾಗೆ ಉಳಿಯುತ್ತದೆ. ಅಷ್ಟರಲ್ಲಿ ಹಿಂದಿನ ದಾಸ್ತಾನೂ ಮುಗಿದಿರಬಹುದು. ಅಂಥ ತಲೆಗಳನ್ನು ನೋಡಿದ್ದೇನೆ. ಸರಿಮಾಡಲು ಆಗದೆ ಸಂಕಟಪಟ್ಟಿದ್ದೇನೆ. ಕನಿಷ್ಠ ಒಂದು ವರ್ಷ ಮದ್ದು ಹಿಡಿದು, ಉದುರುವುದು ನಿಂತಿದೆಯಾ ನೋಡಿ, ಆಮೇಲೆ ಯೋಚಿಸಿ. ನಾಟಿ ಆದ ಮೇಲೂ ಉಳಿದ ಕೂದಲಿಗೆ ಮದ್ದು ಬೇಕು, ಅದನ್ನು ಜಾಹೀರಾತು ಹೇಳುವುದಿಲ್ಲ. ಯಾರು ಮಾಡುತ್ತಾರೆ ಎಂದು ಕೇಳಿ. ಹೆಸರು, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಅಲ್ಲ ಎಂದು ಅದರಲ್ಲೇ ಇದೆ. ದುಡ್ಡಿನ ತೊಂದರೆ ಇರುವವರು ಮೊದಲ ಪರೀಕ್ಷೆಗೆ ವಿಕ್ಟೋರಿಯಾ ಅಥವಾ ಬೌರಿಂಗ್ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಬಹುದು.

ಏನೂ ಮಾಡದೆ ಇರುವುದೂ ಒಂದು ಆಯ್ಕೆ, ಅದನ್ನು ನಾನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಇದರಿಂದ ಆರೋಗ್ಯಕ್ಕೆ ಅಪಾಯವಿಲ್ಲ. ಪಕ್ಕದ ಕೂದಲು ಗಿಡ್ಡ ಮಾಡಿಸಿದರೆ ನೆತ್ತಿಯ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ, ಒಳ್ಳೆ ಕಟಿಂಗ್ ಶಾಪಿನವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ತೆಳ್ಳಗಾದ ಜಾಗ ಕಾಣದ ಹಾಗೆ ತಲೆಗೆ ಫೈಬರ್ ಪುಡಿ ಹಾಕಿಕೊಂಡು ಹೆಣ್ಣು ನೋಡಲು ಹೋಗಿ ಮದುವೆಯಾಗಿ ಸುಖವಾಗಿರುವವರೂ ನನ್ನಲ್ಲಿಗೆ ಬರುತ್ತಾರೆ. ಆದರೆ ಮದುವೆ ಮನೆಗಳಿಗೆ ಹೋಗುವುದು ಬಿಟ್ಟವರು, ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾ ಆನ್ ಮಾಡದವರು, ದಿನಕ್ಕೆ ಇಪ್ಪತ್ತು ಸಲ ಕನ್ನಡಿ ನೋಡುವವರೂ ಬರುತ್ತಾರೆ. ಅವರಿಗೆ ನನ್ನ ಬಾಟಲಿ ಸಾಕಾಗುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. "ಬಾಂಡ್ಲಿ" ಎಂದು ನಗುವ ಭಾವ, ಚಿಕ್ಕಪ್ಪಂದಿರಿಗೂ ಒಂದು ಮಾತು: ಆ ಹುಡುಗ ಅದನ್ನು ಮರೆಯುವುದಿಲ್ಲ.

ಹಾಸನದ ಹುಡುಗ ಅವತ್ತು ಮಿನಾಕ್ಸಿಡಿಲ್ ಮಾತ್ರ ಒಪ್ಪಿದ. ಮೂರು ತಿಂಗಳಿಗೊಮ್ಮೆ ಅದೇ ಕಿಟಕಿ, ಅದೇ ಬೆಳಕಿನಲ್ಲಿ ಒಂದು ಫೋಟೋ, ಅದು ಬಿಟ್ಟು ಎಣಿಕೆ ಬೇಡ ಎಂದಿದ್ದೆ. ಒಂಬತ್ತು ತಿಂಗಳಿಗೆ ಬಂದಾಗ ನೆತ್ತಿ ತುಂಬಿಕೊಂಡಿತ್ತು, ಹಣೆಯ ಮೂಲೆಗಳು ಇದ್ದ ಹಾಗೇ ಇದ್ದವು. ಮಾತ್ರೆಯ ಬಗ್ಗೆ ಮತ್ತೆ ಕೇಳಿದ. ಮತ್ತೆ ಅದೇ ಅಂಕಿ, ಅದೇ ಎಚ್ಚರಿಕೆ ಹೇಳಿದೆ. ಮದುವೆ ಗೊತ್ತಾಗಿದೆಯಂತೆ. "ಮೊದ್ಲು ಅವಳ ಹತ್ರ ಮಾತಾಡಿ, ಮುಂದಿನ ತಿಂಗಳು ಇಬ್ರೂ ಬರ್ತೀವಿ ಡಾಕ್ಟ್ರೇ" ಎಂದು ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡ.