ಅಣಬೆ ವೆಜ್ಜಾ, ನಾನ್‌ವೆಜ್ಜಾ? ಮತ್ತೆ ಅದೇ ಪ್ರಶ್ನೆ

ಮಳೆ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇರುತ್ತದೆ, ತಿನ್ನುವುದು ಬಿಡುವುದು ನಿಮ್ಮ ಮನೆ ವಿಚಾರ. ಉತ್ತರ ಮುಗಿಯಿತು. ಆದರೆ ಕೇಳಿದವರು ಅಲ್ಲಿಗೇ ಬಿಡುವುದಿಲ್ಲ. "ಅಂದ್ರೆ ಅದು ಗಿಡ ಅಲ್ವಾ?"

ಅಲ್ಲ. ಎಷ್ಟು ಸಲ ಹೇಳಲಿ!

ತಪ್ಪು ನಿಮ್ಮದಲ್ಲ ಬಿಡಿ. ಓಡಾಡುವುದಿಲ್ಲ, ನೆಲದಿಂದ ಏಳುತ್ತದೆ, ಹಾಗಾಗಿ ಗಿಡ ಅಂತ ಹಿಂದಿನವರು ಲೆಕ್ಕ ಹಾಕಿ ಸಸ್ಯಶಾಸ್ತ್ರದ ಪಾಠಕ್ಕೇ ಸೇರಿಸಿದ್ದರು. 1969ರಲ್ಲಿ ಅಮೆರಿಕದ ಜೀವವಿಜ್ಞಾನಿ ವಿಟ್ಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಅಣಬೆ ಸೇರಿದ ಶಿಲೀಂಧ್ರದ (ಫಂಗಸ್) ಬಳಗಕ್ಕೂ ಸ್ವಂತ ಮನೆ ಸಿಕ್ಕಿತು. ಗಿಡ ಬಿಸಿಲಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಅಣಬೆಗೆ ಪತ್ರಹರಿತ್ತೇ ಇಲ್ಲ. ಕೊಳೆತ ಮರದ ಮೇಲೆ ಕಿಣ್ವ ಬಿಟ್ಟು, ಹೊಟ್ಟೆಯ ಕೆಲಸವನ್ನೆಲ್ಲ ಹೊರಗೇ ಮುಗಿಸಿ, ಆಮೇಲೆ ಹೀರಿಕೊಳ್ಳುತ್ತದೆ. ಅದರ ಕೋಶದ ಗೋಡೆಯಲ್ಲಿರುವುದು ಕೈಟಿನ್, ಅಂದರೆ ಏಡಿ ಚಿಪ್ಪಿನಲ್ಲೂ ಜಿರಲೆ ಮೈಯಲ್ಲೂ ಇರುವ ಅದೇ ವಸ್ತು. ಗಿಡ ಪಿಷ್ಟ ಕೂಡಿಟ್ಟರೆ ಇದು ನಮ್ಮ ಲಿವರ್ ಥರ ಗ್ಲೈಕೋಜನ್ ಕೂಡಿಡುತ್ತದೆ. ಡಿಎನ್‌ಎ ನೋಡಿದರೆ ಗಿಡಕ್ಕಿಂತ ಪ್ರಾಣಿಗಳಿಗೇ ಹತ್ತಿರ. ಪ್ರಾಣಿ, ಶಿಲೀಂಧ್ರ ಎರಡೂ ಕವಲೊಡೆದು ಸುಮಾರು 100 ಕೋಟಿ ವರ್ಷವಾಯಿತು. "ಹಾಗಾದ್ರೆ ನಾನ್‌ವೆಜ್ಜೇ!" ಅಂತ ಕುಣಿಯಬೇಡಿ. ದಾಯಾದಿ ಅಂದ ಮಾತ್ರಕ್ಕೆ ಕುರಿ ಆಗುವುದಿಲ್ಲ.

ಬೀಜ ಎಲ್ಲಿ ಅಂತೀರಾ? ಅರಳಿದ ಅಣಬೆಯ ಕೊಡೆಯನ್ನು ಕತ್ತರಿಸಿ, ಅದರ ಅಡಿಯಲ್ಲಿ ಹಾಳೆ ಹಾಳೆಯಾಗಿರುವ ಪದರ ಕೆಳಗೆ ಬರುವಂತೆ ಕಾಗದದ ಮೇಲಿಟ್ಟು, ಲೋಟ ಮುಚ್ಚಿ. ಬೆಳಿಗ್ಗೆ ತೆಗೆದರೆ ಪದರಗಳ ಅಚ್ಚು ಪುಡಿಯಲ್ಲಿ ಮೂಡಿರುತ್ತದೆ. ಅದೇ ಬೀಜಕಣ. (ತಿನ್ನಬಹುದೋ ಇಲ್ಲವೋ ಅಂತ ಇದರಿಂದ ಗೊತ್ತಾಗುವುದಿಲ್ಲ, ಹುಷಾರು.) ಬೀಜಕಣ ಮೊಳೆತು ಎಳೆಯಾಗುತ್ತದೆ. ಹೊಂದುವ ಎರಡು ಎಳೆ ಸಿಕ್ಕರೆ ಕೂಡಿಕೊಳ್ಳುತ್ತವೆ, ಆದರೆ ಅವುಗಳ ಕೋಶಕೇಂದ್ರಗಳು ಒಂದೇ ಕೋಶದಲ್ಲಿದ್ದೂ ಬೇರೆಬೇರೆಯಾಗಿಯೇ ಇರುತ್ತವೆ. ಒಂದಾಗುವುದು ಕೊನೆಗೆ, ಕೊಡೆಯ ಅಡಿಯ ಆ ಪದರಗಳಲ್ಲಿ. ನಾವು ಕಿತ್ತು ತರುವುದು ಬರೀ ಹಣ್ಣು ಇದ್ದ ಹಾಗೆ. ಎಳೆಗಳ ಮೈಯೆಲ್ಲ ಮಣ್ಣೊಳಗೋ ಮರದೊಳಗೋ ಇರುತ್ತದೆ.

ಯಾರೂ ಕೇಳದ ಇನ್ನೊಂದು ವಿಷಯ: ಅಡಿಕೆ ಕೊಳೆರೋಗ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅದರ ಬಗ್ಗೆ ಬರೆದಾಗ ಅದೂ ಶಿಲೀಂಧ್ರದ ಲೆಕ್ಕದಲ್ಲೇ ಇತ್ತು. ಈಗ ಅಲ್ಲ! ಕೊಳೆ ತರುವ ಜೀವಿಯಾದ ಫೈಟಾಫ್ತೊರಾ ಕಂದು ಪಾಚಿಯ ಬಳಗ, ಗೋಡೆಯಲ್ಲಿ ಸೆಲ್ಯುಲೋಸ್ ಇದೆ. ಅದರ ಬೀಜಕಣಕ್ಕೆ ಎರಡು ಬಾಲ ಬೇರೆ, ಮಳೆನೀರಿನಲ್ಲಿ ಈಜುತ್ತದೆ. ಬಿಡದೆ ಹೊಯ್ಯುವ ಮಳೆಗೆ ಕೊಳೆ ಜಾಸ್ತಿಯಾಗುವುದು ಸುಮ್ನೆ ಅಲ್ಲ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣಕ್ಕೆ ಈ ವರ್ಗೀಕರಣದ ಗೊಡವೆ ಇಲ್ಲ, ಅದರಲ್ಲಿರುವ ತಾಮ್ರ ಶಿಲೀಂಧ್ರ, ಫೈಟಾಫ್ತೊರಾ ಎರಡನ್ನೂ ಕೊಲ್ಲುತ್ತದೆ. ಆದರೆ ಎಲೆಚುಕ್ಕಿ ರೋಗಕ್ಕೆ ತಂದ ಪ್ರೊಪಿಕೊನಜೋಲ್ ಔಷಧ ಉಳಿದಿದೆ ಅಂತ ಕೊಳೆಗೂ ಹೊಡೆಯಬೇಡಿ. ಅದು ತಡೆಯುವುದು ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿನ ತಯಾರಿಯನ್ನು. ಕೊಳೆಯ ಜೀವಿ ಅದನ್ನು ತಯಾರಿಸುವುದೇ ಇಲ್ಲ.